ಹೇಳಿಸಿಕೊಂಡು ಭಾರ ಎತ್ತುವ ಕಷ್ಟ

ಗಂಡಸಿಗೆ ಭಾರ ಎತ್ತುವುದು ಅಷ್ಟೇನೂ ಕಷ್ಟವಲ್ಲ. ಹೇಗೆ ಎತ್ತಬೇಕೆಂದು ಇನ್ನೊಬ್ಬರಿಂದ ಹೇಳಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ. ಅದರಲ್ಲೂ ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿದ ನನ್ನಂಥ ಹೈಸ್ಕೂಲು ಮೇಷ್ಟ್ರಿಗೆ ಮಗಳ ವಯಸ್ಸಿನ ಹುಡುಗಿಯೊಬ್ಬಳು "ಅಂಕಲ್, ತಪ್ಪು, ಇನ್ನೊಂದ್ಸಲ ಮಾಡಿ" ಎಂದರೆ ಮುಖ ಎಲ್ಲಿಟ್ಟುಕೊಳ್ಳಬೇಕು ಹೇಳಿ. ಐವತ್ತು ದಾಟಿದ ಮೇಲೆ ಮೈಯಲ್ಲಿ ಕಸುವು ಇಳಿಯುತ್ತದೆ, ತಿಳಿದವರ ಕಣ್ಣೆದುರಿಗೇ ತೂಕ ಎತ್ತಿ ಅಭ್ಯಾಸ ಮಾಡಿ ಎಂದು ಡಾಕ್ಟರು ನನಗೂ ನನ್ನ ಹೆಂಡತಿ ಸರೋಜಳಿಗೂ ಒಟ್ಟಿಗೇ ಹೇಳಿದ್ದರು. ಹಾಗಾಗಿ ತುಮಕೂರಿನ ನಮ್ಮ ಬಡಾವಣೆಯ ಜಿಮ್ಮಿಗೆ ಇಬ್ಬರೂ ಸೇರಿದೆವು. ಅಲ್ಲಿ ಕಲಿಸುವವಳು ಗುಬ್ಬಿ ಕಡೆಯ ಸೌಮ್ಯ.

"ತೋಳು ದಪ್ಪ ಆಗಿ ಬ್ಲೌಸೆಲ್ಲ ಬಿಗಿ ಆಗ್ಬಿಟ್ರೆ ಏನಮ್ಮಾ ಗತಿ?" ಎಂಬುದು ಸರೋಜಳ ಮೊದಲ ದಿನದ ಚಿಂತೆ. ಷರ್ಟಿನ ತೋಳು ಯಾವಾಗ ಬಿಗಿಯಾದೀತು ಎಂಬುದು ನನ್ನದು. ಸೌಮ್ಯ ನಕ್ಕು ಅವಳ ಭಯ ಬಿಡಿಸಿದಳು. ನನ್ನ ಆಸೆಯನ್ನು ಯಾರೂ ಕೇಳಲಿಲ್ಲ. ಆಮೇಲೆ ಹೆಂಗಸರ ಸಾಲನ್ನು ನೋಡಬೇಕಿತ್ತು. ಡಂಬೆಲ್ ಎತ್ತಿದಾಗಲೆಲ್ಲ "ಹಿಂಗಾ ಸೌಮ್ಯಾ? ಸರೀಗಿದ್ಯಾ?" ಒಬ್ಬಾಕೆ ಎತ್ತುವುದನ್ನು ಇನ್ನೊಬ್ಬಾಕೆ ಮೊಬೈಲಿನಲ್ಲಿ ಹಿಡಿದು ತಪ್ಪು ತೋರಿಸುವಳು. ಮೊಬೈಲನ್ನು ನಾವು ಗಂಡಸರೂ ಹಿಡಿಯುತ್ತಿದ್ದೆವು, ಕನ್ನಡಿ ಮುಂದೆ. ಪಕ್ಕದವನು ಎಷ್ಟು ಎತ್ತಿದನೆಂದು ಕಳ್ಳಗಣ್ಣಿನಲ್ಲಿ ನೋಡಿ, ಸರಳಿಗೆ ಅದಕ್ಕಿಂತ ಒಂದು ತೂಕದ ಪ್ಲೇಟು ಜಾಸ್ತಿ ಸಿಕ್ಕಿಸುವುದೇ ನಮ್ಮ ವ್ಯಾಯಾಮ. ಸೌಮ್ಯ ಹತ್ತಿರ ಬಂದರೆ, "ಗೊತ್ತು ಬಿಡಮ್ಮ, ಗೂಳೂರಲ್ಲಿ ತೆಂಗಿನಕಾಯಿ ಮೂಟೆ ಜತೇಲೇ ಬೆಳೆದೋನು ನಾನು" ಎನ್ನುತ್ತಿದ್ದೆ. ಮೂಟೆ ಹೊತ್ತವನು ನಮ್ಮಣ್ಣ, ನಾನು ಅದರ ಮೇಲೆ ಕೂತು ಪಾಠ ಓದುತ್ತಿದ್ದೆ. ಅಷ್ಟು ವಿವರ ಜಿಮ್ಮಿಗೆ ಬೇಕಿರಲಿಲ್ಲ.

ಕಳೆದ ವಾರ ಹಾಗೆ ಸಿಕ್ಕಿಸಿದ ಪ್ಲೇಟೊಂದು ನನ್ನ ಸೊಂಟವನ್ನು ಚಳಕ್ಕೆಂದು ಹಿಡಿಸಿತು. ಸರೋಜಳಿಗೆ ಹೇಳಿದರೆ ಸೌಮ್ಯಳಿಗೆ ಗೊತ್ತಾಗುತ್ತದೆ; ಸೌಮ್ಯಳಿಗೆ ಗೊತ್ತಾದರೆ ಎಲ್ಲರೆದುರು ನನ್ನನ್ನು ಮೊದಲ ಪಾಠಕ್ಕೆ ಇಳಿಸುತ್ತಾಳೆ. ಮರ್ಯಾದೆಯ ಪ್ರಶ್ನೆ. ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಮುಲಾಮು ತಿಕ್ಕಿಕೊಂಡೆ.

ಭಾನುವಾರ ಮಾರ್ಕೋನಹಳ್ಳಿಯ ಮಾವನ ಮನೆಗೆ ಹೋಗಿದ್ದೆವು. ಹೊರಡುವಾಗ ಅತ್ತೆ ರಾಗಿ ಚೀಲವೊಂದನ್ನು ಬಾಗಿಲಲ್ಲಿಡಿಸಿದ್ದರು. ನೋಡಿದ್ದೇ ಸೊಂಟದ ನೆನಪಾಯಿತು. ಸುಮ್ಮನೆ ಕೈ ಚಾಚಿದಂತೆ ಮಾಡಿದೆ. "ಅಯ್ಯಯ್ಯೋ, ಅಳಿಯಂದ್ರು ಚೀಲ ಎತ್ತಾದಾ? ಬುಡಿ ಬುಡಿ, ನೋಡ್ದೋರು ಏನಂದಾರು! ಯಾರನ್ನಾರ ಕರೀತೀನಿ" ಎಂದು ಅತ್ತೆ ಅಡ್ಡ ಬಂದರು. ಅಳಿಯನಿಗೆ ಕೆಲಸ ಹೇಳಬಾರದೆಂಬ ಪದ್ಧತಿ ಮಾಡಿಟ್ಟ ಹಿರಿಯರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಅಷ್ಟರಲ್ಲಿ ಸರೋಜ ಸೆರಗು ಸಿಕ್ಕಿಸಿ, ಕುಕ್ಕರುಗಾಲಿಗೆ ಇಳಿದು, ಚೀಲವನ್ನು ಎದೆಗೆ ಅವುಚಿಕೊಂಡು ಎದ್ದು ಕಾರಿನ ಡಿಕ್ಕಿಗೆ ಹಾಕಿಯೇಬಿಟ್ಟಳು. "ಏನ್ಲೇ ಇದು, ಗಂಡುಬೀರಿ!" ಎಂದರು ಅತ್ತೆ, ಆದರೆ ಮುಖ ಅರಳಿತ್ತು. ನನಗೂ ಹೆಮ್ಮೆಯಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳೇಕೆ.

ತುಮಕೂರಿನ ನಮ್ಮ ಮನೆ ಮುಂದೆ ನಾನು ಯಾರ ಅಳಿಯನೂ ಅಲ್ಲ. ಎದುರು ಮನೆಯ ಶಿವಣ್ಣ ಬೇರೆ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಹಲ್ಲು ಕಚ್ಚಿ ಡಿಕ್ಕಿಗೆ ಬಗ್ಗಲು ಹೋದೆ. "ರೀ, ನಿಮ್ಮ ಸೊಂಟ ಹಿಡ್ಕೊಂಡಿರೋದು ನಂಗೊತ್ತು. ಮನೆಯೆಲ್ಲ ಮುಲಾಮು ವಾಸ್ನೆ. ಸುಮ್ನೆ ಗೇಟ್ ತೆಗೀರಿ" ಎಂದು ಸರೋಜ ಮೆಲ್ಲಗೆ ಹೇಳಿ ಚೀಲಕ್ಕೆ ಕೈ ಹಾಕಿದಳು. ಶಿವಣ್ಣನ ಕಣ್ಣೆದುರು ಹೆಂಡತಿ ಹೊರುವುದು, ನಾನು ಬರಿಗೈಯಲ್ಲಿ ನಿಲ್ಲುವುದು! ಕೈಯಿಂದ ಆಗದ್ದನ್ನು ಬಾಯಿಂದ ಮಾಡಿದೆ. "ಮಂಡಿ ಬಗ್ಗಿಸು ಕಣೇ! ಬೆನ್ನು ನೇರ! ಉಸಿರು ಬಿಡು!" ಎಲ್ಲ ಸೌಮ್ಯಳ ಮಾತುಗಳೇ. ಒಂದನ್ನೂ ಪಾಲಿಸಿರಲಿಲ್ಲ, ಆದರೆ ನೋಡಿ, ಎಲ್ಲ ಬಾಯಿಪಾಠವಾಗಿದ್ದವು.

"ಭೇಷ್ ಮೇಷ್ಟ್ರೇ! ಮೇಡಮ್ನೋರ್ನ ಚೆನ್ನಾಗೇ ತಯಾರ್ ಮಾಡಿದೀರಾ. ನಮ್ಮನೆಯವ್ಳಿಗೂ ಸ್ವಲ್ಪ ಹೇಳ್ಕೊಡಿ" ಎಂದರು ಶಿವಣ್ಣ.

"ಕಳಿಸಿ, ನೋಡೋಣ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಗತ್ತಿಗೆ ಹಾಗೆ ನಿಂತಿದ್ದೇನೆ ಎಂದುಕೊಂಡರು, ಪಾಪ.