ತಪ್ಪು ಕೀಲಿಕೈಗಾಗಿ ಎಂಟು ದಿನ

ಜೀವಶಾಸ್ತ್ರದ ಮಾಸ್ತರನ ಮನೆಯಲ್ಲಿ ಯಾರಿಗೆ ಏನೇ ಆದರೂ ಅದು ಸಿಲೆಬಸ್ಸಿನಲ್ಲಿ ಇದ್ದದ್ದೇ ಆಗಿರುತ್ತದೆ. ಮಗನಿಗೆ ಡೆಂಗ್ಯೂ ಬಂದದ್ದು ನಾನು ಸೊಳ್ಳೆಯ ಪಾಠ ಮಾಡಿದ ವಾರ. ಈ ಸಲ ಹೆಂಡತಿಯ ಎದೆಯಲ್ಲಿ ಗಂಟು ಸಿಕ್ಕಿತು. ತೆಗೆದರು, ಕ್ಯಾನ್ಸರ್ ಎಂದರು. ಅದರ ತುಣುಕು ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಿಂದ ತುರ್ಭೆಯ ಲ್ಯಾಬಿಗೆ ಹೋಯಿತು. ಆ ಕೋಶಗಳೊಳಗೆ ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನ್ ಇದ್ದರೆ ದಿನಕ್ಕೊಂದು ಮಾತ್ರೆ ಸಾಕಾದೀತು, ಇಲ್ಲದಿದ್ದರೆ ಉದ್ದದ, ಕಷ್ಟದ ಚಿಕಿತ್ಸೆ ಎಂದರು ಡಾಕ್ಟರು. ರಿಪೋರ್ಟಿಗೆ ಎಂಟು ದಿನ. ಆ ಎಂಟು ದಿನವೂ ಹೆಂಡತಿ ಚೆನ್ನಾಗಿ ನಿದ್ದೆ ಮಾಡಿದಳು. ನಾನು ಹೆದರಿದೆ.

ಬೀಗದ ಪಾಠ

ಮರುದಿನ ಠಾಣೆ ಪಟ್ಟಣದ ನಮ್ಮ ಕಾಲೇಜಿನಲ್ಲಿ ಅದೇ ಪಾಠ. ಪ್ರೋಟೀನಿನ ಮಡಿಕೆಗಳ ನಡುವೆ ಒಂದು ಗುಳಿ, ಆ ಗುಳಿಯ ಆಕಾರಕ್ಕೆ ಹೊಂದುವ ಅಣು ಮಾತ್ರ ಅಲ್ಲಿ ಕೂರುತ್ತದೆ, ಆಗಲೇ ಕೋಶಕ್ಕೆ ಸಂದೇಶ ಹೋಗುತ್ತದೆ. ಬೀಗಕ್ಕೆ ಅದರದೇ ಕೀಲಿಕೈ ಇದ್ದ ಹಾಗೆ. ಕೊನೆಯ ಬೆಂಚಿನವಳು ಎದ್ದಳು. "ಸರ್, ಗಲತ್ ಚಾಬಿ ಘುಸ್ ಗಯಿ ತೋ?"

ತಪ್ಪು ಕೀಲಿಕೈ ಒಳಗೆ ಹೋದರೆ? ಇಪ್ಪತ್ತು ವರ್ಷ ಈ ಪ್ರಶ್ನೆಗೆ "ಹೋಗುವುದಿಲ್ಲ, ಕೂತ್ಕೋ" ಎಂದಿದ್ದೇನೆ. ಈಗ ನಾವು ನಂಬಿ ಕೂತ ಮಾತ್ರೆಯೇ ಆ ತಪ್ಪು ಕೀಲಿಕೈ. ನೋಡಲು ಹಾರ್ಮೋನಿನ ಹಾಗೇ ಇದೆ, ಗುಳಿಯೊಳಗೆ ಹೋಗಿ ಕೂರುತ್ತದೆ, ಬೀಗ ತೆರೆಯುವುದಿಲ್ಲ, ಸರಿಯಾದ ಕೀಲಿಕೈಗೂ ಜಾಗ ಬಿಡುವುದಿಲ್ಲ. ನಾನು ಬೋರ್ಡಿನ ಬೀಗದೊಳಗೆ ಇನ್ನೊಂದು ಕೀಲಿಕೈ ಬರೆದೆ.

"ಸರ್, ಎಕ್ಸಾಮ್ ಮೇ ಆಯೇಗಾ ಕ್ಯಾ?"

"ಪರೀಕ್ಷೆಗೆ ಬರುತ್ತದೋ ಗೊತ್ತಿಲ್ಲ, ನನಗೆ ಬಂದಿದೆ" ಎಂದೆ. ಇಡೀ ಕ್ಲಾಸು ಅದನ್ನು ಬರೆದುಕೊಂಡಿತು.

ನಾಲ್ಕನೇ ಸೀಟು

ಬೆಳಗಿನ ಸ್ಲೋ ಲೋಕಲ್ ರೈಲಿನಲ್ಲಿ ನಮ್ಮದೊಂದು ಗುಂಪು. ಮೂರು ಜನರ ಸೀಟಿನಲ್ಲಿ ನಾಲ್ವರು ಕೂರುತ್ತೇವೆ. ನಾಲ್ಕನೆಯವನು ಬಂದಾಗ ಮೂವರೂ ಮೈ ತಿರುಗಿಸಿ, ಹೊಟ್ಟೆ ಒಳಗೆಳೆದು ಜಾಗ ಮಾಡುತ್ತಾರೆ. ಕಲಬುರಗಿಯ ಫೋರ್‌ಮನ್ ನನ್ನನ್ನು ನೋಡಿ, "ಯಾಕ್ರಿ ಸರ, ಮಾರಿ ಸಣ್ಣ ಮಾಡ್ಕೊಂಡೀರಿ?" ಎಂದರು.

ಹೇಳಿದೆ. ಹಾರ್ಮೋನ್ ಬಂದಾಗ ಪ್ರೋಟೀನ್ ಕೂಡ ನಮ್ಮ ಹಾಗೇ ಮೈ ಬದಲಿಸುತ್ತದೆ, ಅದರ ಒಂದು ತುದಿ ಮುಚ್ಚಳದಂತೆ ಗುಳಿಯ ಮೇಲೆ ಮುಚ್ಚಿಕೊಳ್ಳುತ್ತದೆ, ಆಗ ಕ್ಯಾನ್ಸರ್ ಕೋಶಕ್ಕೆ "ಬೆಳೆ" ಎಂಬ ಸಂದೇಶ ಹೋಗುತ್ತದೆ. ಮಾತ್ರೆಗೆ ಒಂದು ಉದ್ದನೆಯ ಬಾಲವಿದೆ. ಅದು ಹೊರಗೆ ಚಾಚಿಕೊಂಡಿರುವುದರಿಂದ ಮುಚ್ಚಳ ಮುಚ್ಚುವುದಿಲ್ಲ.

"ಅಂದ್ರ ಸೀಟ್ ಹಿಡದಾಂವ ಕಾಲು ಚಾಚಿ ಕುಂತಾನ. ಹೌದಿಲ್ರಿ?" ಎಂದವರೇ ಕಾಲು ಚಾಚಿ ಕೂತರು. ಅಷ್ಟರಲ್ಲಿ ದಿವಾ ಸ್ಟೇಷನ್ನಿನಲ್ಲಿ ಹತ್ತಿದ ಯಾರೋ ಪಾಪ, "ಭಾವೂ, ಜರಾ ಸರಕಾ" ಎಂದು ಜಾಗ ಕೇಳಿದರು.

"ಇಲ್ಲ! ನೀ ಹಾರ್ಮೋನ್ ಇದ್ದಿ!" ಎಂದು ಫೋರ್‌ಮನ್ ಗುಡುಗಿದರು. ಗುಂಪಿನವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಆ ಮನುಷ್ಯ ಮುಂಬ್ರಾದಲ್ಲಿ ಇಳಿದು ಬೇರೆ ಡಬ್ಬಿಗೆ ಓಡಿದ. ಆ ದಿನ ಮಧ್ಯಾಹ್ನದವರೆಗೂ ನನಗೆ ಧೈರ್ಯವಿತ್ತು.

ಲ್ಯಾಬಿನ ಕೌಂಟರು

ಮಧ್ಯಾಹ್ನದ ಮೇಲೆ ಬೇರೆ ಹೆದರಿಕೆ ಹುಟ್ಟಿತು. ಆ ಪ್ರೋಟೀನನ್ನು ಹುಡುಕಲು ಲ್ಯಾಬಿನವರು ಪ್ರತಿಕಾಯ ಎಂಬ ಇನ್ನೊಂದು ಪ್ರೋಟೀನನ್ನು ಅಂಟಿಸಿ ನೋಡುತ್ತಾರೆ. ಅದು ತಪ್ಪಾದ ಕಡೆ ಅಂಟಿಕೊಂಡರೆ? ಕಾಲೇಜಿನಿಂದ ನೇರ ತುರ್ಭೆಗೆ ಹೋಗಿ ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಮಹಿಳೆ ಶಾಂತವಾಗಿ, "ಡಾಕ್ಟರಾ?" ಎಂದರು.

"ಅಲ್ಲ, ಬಯಾಲಜಿ ಟೀಚರ್."

ಅವರು ಒಳಗೆ ತಿರುಗಿ ಮರಾಠಿಯಲ್ಲಿ ಕೂಗಿದರು: "ಮೇಡಂ, ಇವತ್ತು ಮೂರನೆಯವರು!"

ರಿಪೋರ್ಟು

ಎಂಟನೆಯ ದಿನ ಡಾಕ್ಟರು ಕಾಗದ ಓದಿ, "ಪ್ರೋಟೀನ್ ಇದೆ, ತುಂಬಾ ಇದೆ. ಮಾತ್ರೆ ಸಾಕು" ಎಂದರು. ಹೆಂಡತಿ, "ಊಟದ ಮುಂಚೆಯೋ, ಆಮೇಲೋ?" ಎಂದಳು.

"ಯಜಮಾನರು ಬಯಾಲಜಿಯವರಲ್ಲವೇ, ಎಲ್ಲ ವಿವರಿಸಿರಬೇಕು."

"ವಿವರಿಸಿದ್ದಾರೆ. ಅದಕ್ಕೇ ನಿಮ್ಮನ್ನ ಕೇಳ್ತಾ ಇದ್ದೇನೆ."

ನಾನು ಡಾಕ್ಟರ ಪ್ಯಾಡ್ ಎಳೆದುಕೊಂಡು ಚಿತ್ರ ಬರೆಯತೊಡಗಿದೆ. ಗುಳಿ, ಬಾಲ, ಮುಚ್ಚಳ. ಗುಳಿ ಬದನೆಕಾಯಿಯಂತಾಯಿತು. ಬಾಲ ಪ್ಯಾಡ್ ದಾಟಿ ಮೇಜಿನ ಮೇಲೆ ಹೋಯಿತು. ಡಾಕ್ಟರು ನೋಡುತ್ತಿದ್ದದ್ದು ಚಿತ್ರವನ್ನಲ್ಲ, ನನ್ನನ್ನು. ಪೆನ್ನು ತೆಗೆದಿಟ್ಟು ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಮೂರು ಸಲ ನೋಡಿ, ಪಕ್ಕದ ಕೋಣೆಯ ಫಿಜಿಶಿಯನ್ ಹತ್ತಿರ ಕಳಿಸಿದರು. ಅವರೂ ನೋಡಿ, ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು ಎಂದು ಬರೆದುಕೊಟ್ಟರು.

ಹೊರಗೆ ರಿಕ್ಷಾ ಹತ್ತುವಾಗ ಹೆಂಡತಿಯ ಅಕ್ಕ ಅಳುತ್ತಲೇ ಫೋನ್ ಮಾಡಿದರು, ಕಾರವಾರದಿಂದ ಇವತ್ತೇ ಹೊರಡುತ್ತೇನೆ ಎಂದು.

"ನಂಗೆ ಎಂತದೂ ಇಲ್ಲ ಅಕ್ಕಾ, ದಿನಕ್ಕೆ ಒಂದು ಮಾತ್ರೆ" ಎಂದಳು ಹೆಂಡತಿ. "ಇವ್ರಿಗೆ ಎರಡು. ಬರುದಾದ್ರೆ ಇವ್ರನ್ನ ನೋಡ್ಲಿಕ್ಕೆ ಬಾ."