ನಿಲ್ಲದ ನಾಳ

ಉಪದೇಶಿ ಕಿಟಕಿ ಮುಚ್ಚಿದ್ದರಿಂದಲೇ ಎಲ್ಲ ಶುರುವಾಯಿತು.

"ಗಾಳಿಗೆ ಗೆರೆ ಅಲ್ಲಾಡುತ್ತೆ ಅಕ್ಕ. ನಿಮ್ಮ ಒಳ್ಳೇದಕ್ಕೇ ಹೇಳೋದು," ಎಂದ. ಪ್ರಯೋಗಾಲಯದ ಸಹೋದ್ಯೋಗಿಗಳು ಅವನಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ.

ಸಹಾಯಕಿ ಬಟ್ಟಲಿನತ್ತ ಬಾಗಿದಳು. ಗಾಜಿನ ಬಟ್ಟಲಿನ ಬೆಚ್ಚನೆಯ ದ್ರವದಲ್ಲಿ ಕುರಿಯ ದುಗ್ಧರಸ (ಲಿಂಫ್) ನಾಳದ ತುಂಡೊಂದು ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತಿತ್ತು. ಕುರಿ ಬೆಳಿಗ್ಗೆಯೇ ಸತ್ತಿತ್ತು. ಆ ಸುದ್ದಿ ನಾಳಕ್ಕೆ ಇನ್ನೂ ತಲುಪಿರಲಿಲ್ಲ. ಹಿಂಡಿಕೊಂಡಾಗಲೆಲ್ಲ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತಿತ್ತು.

ದ್ರವಕ್ಕೆ ಸಾರಜನಕ ಬಿಟ್ಟು ಆಮ್ಲಜನಕ ತಗ್ಗಿಸಿದರೆ ನಾಳದ ಸ್ನಾಯು ಸೋಲುತ್ತದೆ, ಗೆರೆ ಮಲಗುತ್ತದೆ ಎಂದು ಅವಳು ವರದಿಯಲ್ಲಿ ಬರೆದಿದ್ದಳು. ಇವತ್ತು ಅದನ್ನು ಕಣ್ಣಾರೆ ನೋಡಬೇಕೆಂದು ಪ್ರೊಫೆಸರ್ ಬಂದು ಪರದೆಯ ಮುಂದೆ ಕೂತಿದ್ದರು. ಗೆರೆ ಮಲಗಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಮನೆಯ ದಾರಿ.

ಸಾರಜನಕದ ಸಿಲಿಂಡರಿನ ತಿರುಪು ತಿರುಗಿಸಿದಳು. ಬುಸ್ ಎಂದಿತು. ಗೆರೆ ಏಳುತ್ತಲೇ ಇತ್ತು.

"ಪೂರ್ತಿ ಬಿಡಿ ಅಕ್ಕ, ಜಿಪುಣತನ ಯಾಕೆ?"

ಪೂರ್ತಿ ಬಿಟ್ಟಳು. ಗೆರೆ ಜಗ್ಗಲಿಲ್ಲ. ನಿಲ್ಲು ಮಾರಾಯ್ತಿ ಎಂದು ಒಳಗೇ ಬೇಡಿಕೊಂಡಳು. ಯಾರೂ ವಿಚಾರಿಸದಿದ್ದರೂ ದಿನವಿಡೀ ಹಿಂಡುತ್ತ, ತಳ್ಳುತ್ತ ಇರುವ ಜೀವವೆಂದರೆ ಅವಳಿಗೆ ಹೊಸದಲ್ಲ. ಮನೆಯಲ್ಲಿ ಅವಳದೂ ಅದೇ ಕೆಲಸ. ನಿಲ್ಲಬೇಡ ಎಂದೂ ಒಂದು ಮನಸ್ಸು ಹೇಳಿತು.

"ನೋಡಮ್ಮ, ನಿನ್ನ ವರದಿ..." ಎಂದ ಪ್ರೊಫೆಸರ್ ಮುಂದಿನ ಮಾತನ್ನು ಎಲ್ಲೋ ಕಳೆದುಕೊಂಡರು. ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಉಪದೇಶಿ ಗೋಡೆಗೊರಗಿ, ಗಾಳಿ ಹೋದ ಚೆಂಡಿನಂತೆ ಮೆಲ್ಲಗೆ ಕುಸಿದ. ಅಷ್ಟು ಹೊತ್ತು ಅವನು ಸುಮ್ಮನಿದ್ದದ್ದು ಅದೇ ಮೊದಲು. ಅವಳಿಗೂ ತನ್ನ ಕೈ ಬೇರೆ ಯಾರದೋ ಅನಿಸಿತು. ಮಂಜಾಗುತ್ತಿದ್ದ ಕೋಣೆಯಲ್ಲಿ ಸತ್ತ ಕುರಿಯ ನಾಳವೊಂದೇ ಚುರುಕಾಗಿತ್ತು. ಮೂವರ ಉಸಿರನ್ನೂ ತಾನೇ ಎಳೆದುಕೊಳ್ಳುತ್ತಿರುವಂತೆ.

ತೆವಳಿಕೊಂಡೇ ಹೋಗಿ ಬಾಗಿಲು ತೆರೆದಳು, ಕಿಟಕಿ ತಳ್ಳಿದಳು, ಸಿಲಿಂಡರ್ ಮುಚ್ಚಿದಳು.

ಉಸಿರು ತಿರುಗಿದ ಪ್ರೊಫೆಸರ್ ಮೊದಲು ನೋಡಿದ್ದು ಪರದೆಯನ್ನು. ಗೆರೆ ಉದ್ದಕ್ಕೆ ಮಲಗಿತ್ತು.

"ನಿಂತೇಬಿಡ್ತಲ್ಲ! ನೀನು ಬರೆದದ್ದು ಸರಿ ಕಣಮ್ಮ. ಮುಂದಿನ ವರ್ಷವೂ ಇರು."

ಯಾಕೆ ನಿಂತಿತೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ತಲೆಯಾಡಿಸಿದಳು.

ನೆಲದಲ್ಲಿ ಕೂತಿದ್ದ ಉಪದೇಶಿ ಪಕ್ಕದಲ್ಲಿದ್ದ ಸಿಲಿಂಡರಿನ ಪೈಪಿನ ತುದಿ ಎತ್ತಿ ಹಿಡಿದ. "ಅದು ಹೇಗೆ ಸಾಧ್ಯ ಸರ್? ಪೈಪು ಇಲ್ಲೇ ಇದೆಯಲ್ಲ. ಅಕ್ಕನ ಕಾಲಿಗೆ ತೊಡರೀತು ಅಂತ ಬೆಳಿಗ್ಗೆ ನಾನೇ ಬಟ್ಟಲಿಂದ ಕಳಚಿಟ್ಟಿದ್ದೆ."

"ಹಾಗಾದ್ರೆ ಆ ಸಾರಜನಕವೆಲ್ಲ?"

"ನಾವೇ ಕುಡಿದಿದ್ದು ಸರ್."

ಪ್ರೊಫೆಸರ್ ನಿಧಾನವಾಗಿ ಅವಳತ್ತ ತಿರುಗಿದರು. ಅವರ ಬೆನ್ನ ಹಿಂದೆ ಗೆರೆ ಗುಡ್ಡದಂತೆ ಮತ್ತೆ ಎದ್ದಿತು.