ಐದು ಬೆರಳು ಎತ್ತರ

ಎಲ್ಲ ತಾಪತ್ರಯಕ್ಕೂ ಮೂಲ ಅಂಬುಬಾಯಿಯವರ ಒಂದು ಮಾತು.

ಆ ಭಾನುವಾರ ಬೆಳಿಗ್ಗೆ ಆಳಂದದ ಗಣಿತದ ಮಾಸ್ತರ ಶ್ರೀನಿವಾಸರಾಯರು ತಮ್ಮ ಹೊಸ ರೇಸ್ ಸೈಕಲ್ಲನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಪಕ್ಕದಲ್ಲೇ ಎದುರುಮನೆಯ ಕಲ್ಯಾಣಕುಮಾರನ ಸೈಕಲ್ಲು. ಅದೂ ಅದೇ ಕಂಪನಿಯದು, ಅದೇ ಕರಿ ಬಣ್ಣದ್ದು. ಅವನದನ್ನು ನೋಡಿಯೇ ಮಾಸ್ತರರು ಕೊಂಡದ್ದು. ಔಷಧದ ಅಂಗಡಿ ನಡೆಸುವ ಕಲ್ಯಾಣಕುಮಾರ ಮರೆತ ನೀರಿನ ಬಾಟಲಿ ತರಲು ತನ್ನ ಮನೆಯೊಳಗೆ ಹೋಗಿದ್ದ.

ಪಕ್ಕದ ಮನೆಯ ಅಂಬುಬಾಯಿ ತುಳಸಿಗೆ ನೀರು ಹಾಕಿ ಬಂದವರು ಎರಡನ್ನೂ ದಿಟ್ಟಿಸಿ ನೋಡಿದರು.

“ಯಾಕ ತಮ್ಮಾ, ಅವನ ಸೀಟು ನಿಂದಕ್ಕಿಂತ ಎತ್ತರ ಅದಲ್ಲ?”

“ಅದು ಅವರವರ ಕಾಲಿನ ಮ್ಯಾಲ ಇರ್ತದ, ಮೌಶಿ.”

“ಇರ್ಲಿ ಬಿಡು. ನೋಡಾಕ ಅವಂದು ಕುದುರಿ ಕಂಡಂಗ ಕಾಣ್ತದ. ನಿಂದು ಕತ್ತಿ ಕಂಡಂಗ.”

ಇಷ್ಟು ಹೇಳಿ ಅಂಬುಬಾಯಿ ಒಳಗೆ ಹೋದರು. ಮಾಸ್ತರರ ಎದೆಗೆ ಕತ್ತೆ ಒದ್ದಂತಾಯಿತು.

ಮೊದಲೇ ಅವರು ಬೆಂದಿದ್ದರು. ಊರಿನ ಏಳೆಂಟು ಜನ ಪ್ರತಿ ಭಾನುವಾರ ಕಿಣ್ಣಿ ಸುಲ್ತಾನದವರೆಗೆ ಸೈಕಲ್ ಹೊಡೆಯುತ್ತಿದ್ದರು. ಮೊದಲು ಮುಟ್ಟಿದವನಿಗೆ ಅಲ್ಲಿಯ ಹಿರಿಯರಾದ ದೊಡ್ಡಪ್ಪ ಪಾಟೀಲರು ತಮ್ಮ ಕೈಯಿಂದ ಗುಲಾಬಿ ರುಮಾಲು ಸುತ್ತುವರು. ಹನ್ನೊಂದು ಭಾನುವಾರ ಆ ರುಮಾಲು ಕಲ್ಯಾಣಕುಮಾರನ ತಲೆಯನ್ನೇ ಏರಿತ್ತು. ಒಂದು ಸಲ, ಒಂದೇ ಒಂದು ಸಲ, ಅದು ತಮ್ಮ ತಲೆಯ ಮೇಲೆ ಕೂಡಬೇಕೆಂದು ಮಾಸ್ತರರು ವೆಂಕಟರಮಣನಿಗೆ ಶನಿವಾರದ ಉಪವಾಸವನ್ನೂ ಹಿಡಿದಿದ್ದರು.

ಹೆಂಡತಿಯ ಹೊಲಿಗೆಯ ಟೇಪು ತಂದು ಕಲ್ಯಾಣಕುಮಾರನ ಸೀಟನ್ನು ಅಳೆದರು. ಚಿಕ್ಕ ಪಾನಾದಿಂದ ತಮ್ಮ ಸೀಟನ್ನು ಸಡಿಲಿಸಿ ಮೂರು ಬೆರಳು ಏರಿಸಿ ಸಮ ಮಾಡಿದರು. ಅವನು ತಮಗಿಂತ ಒಂದು ಗೇಣು ಉದ್ದದ ಆಳೆಂಬುದು ಗಣಿತದ ಮಾಸ್ತರರ ಲೆಕ್ಕಕ್ಕೆ ಬರಲಿಲ್ಲ. ಹೊಟ್ಟೆಕಿಚ್ಚು ಅಂಥ ಲೆಕ್ಕವನ್ನೆಲ್ಲ ಮಾಡುವುದಿಲ್ಲ.

ಬಳಗ ಹೊರಟಿತು. ಪಂಕ್ಚರ್ ಸಾಮಾನು ಹೊತ್ತು ಮೊಪೆಡ್ ಮೇಲೆ ಹಿಂದೆ ಬರುತ್ತಿದ್ದ ಸೈಕಲ್ ರಿಪೇರಿಯ ಚಾಂದಪಾಶಾ ಊರು ದಾಟುವ ಮೊದಲೇ ಪಕ್ಕಕ್ಕೆ ಬಂದ.

“ಸರ, ಸೀಟ್ ಇಳಸ್ರಿ. ಟೊಂಕ ಅತ್ತಾಗ ಇತ್ತಾಗ ಹೊಂಟದ.”

“ಅದು ಹಂಗ ಇರಬೇಕಾದ್ದು.”

“ಹಿಮ್ಮಡ ಪೆಡಲ್ ಮ್ಯಾಲ ಇಟ್ಟಾಗ ಕಾಲು ನೆಟ್ಟಗಾದ್ರ ಸಾಕ್ರಿ. ನಿಮಗ ಹಿಮ್ಮಡ ಮುಟ್ಟೂದೇ ಇಲ್ಲ. ಸೀಟು ಕೂಡೋ ಆದ್ಮಿನ್ನ ನೋಡಿ ಇಡೋದು ಸರ, ಎದುರು ಮನಿ ನೋಡಿ ಅಲ್ಲ.”

“ನೀ ಪಂಕ್ಚರ್ ನೋಡ್ಕೋ!”

ಚಾಂದಪಾಶಾ ಹಿಂದೆ ಸರಿದ. ಮಾಸ್ತರರೂ ಹಿಂದೆಯೇ ಉಳಿದರು. ಒಂದೊಂದು ತುಳಿತಕ್ಕೂ ಅವರ ಸೊಂಟ ತಕ್ಕಡಿಯ ಪರಡಿಯಂತೆ ಏರಿ ಇಳಿಯಿತು. ಕೂತ ಜಾಗ ಮೊದಲು ಉರಿಯಿತು, ಆಮೇಲೆ ಜೋಮು ಹಿಡಿಯಿತು, ಕಡೆಗೆ ಅಂಥದೊಂದು ಜಾಗ ತಮಗಿದೆಯೇ ಎಂಬ ಅನುಮಾನ ಹುಟ್ಟಿತು. ತೊಗರಿ ಹೊಲಗಳ ನಡುವೆ ಕಲ್ಯಾಣಕುಮಾರನ ಬೆನ್ನು ಸಣ್ಣದಾಗುತ್ತ ಹೋಯಿತು.

ಅರ್ಧ ದಾರಿಯ ಚಹದಂಗಡಿಯಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತು ಭಜಿ ತಿನ್ನುತ್ತಿದ್ದರು. ಮಾಸ್ತರರಿಗೆ ಕೂಡುವ ಭಾಗ್ಯವಿರಲಿಲ್ಲ. ನಿಂತುಕೊಂಡೇ ಚಹ ಕುಡಿದು ಸೈಕಲ್ಲುಗಳ ಹತ್ತಿರ ಬಂದರು. ಕಿಸೆಯಲ್ಲಿ ಪಾನಾ ಇತ್ತು. ಎದುರಿಗೆ ಕಲ್ಯಾಣಕುಮಾರನ ಸೀಟು ಇತ್ತು.

‘ನನ್ನ ನೋವು ಅವನೂ ಸ್ವಲ್ಪ ಉಣ್ಣಲಿ’ ಎಂದುಕೊಂಡರು. ಅಂಗಡಿಯ ಕ್ಯಾಲೆಂಡರಿನಿಂದ ವೆಂಕಟರಮಣ ನೋಡುತ್ತಿದ್ದ. ಮಾಸ್ತರರು ಅವನಿಗೆ ಬೆನ್ನು ಮಾಡಿ ನಿಂತು, ಸೀಟನ್ನು ಸಡಿಲಿಸಿ, ಎರಡು ಬೆರಳು ಏರಿಸಿ ಬಿಗಿದರು. ಕೈಗೆ ಮೆತ್ತಿದ ಕರಿ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡರು.

ಮುಂದೆ ಆದದ್ದು ಅವರು ಎಣಿಸಿದ್ದಲ್ಲ. ಕಲ್ಯಾಣಕುಮಾರ ಸೈಕಲ್ ಏರಿದ, ಒಮ್ಮೆ ಹುಬ್ಬು ಗಂಟಿಕ್ಕಿದ, ಆಮೇಲೆ ಕಟ್ಟು ಬಿಚ್ಚಿದ ಹೋರಿಯಂತೆ ಹೋದ.

ಮಾಸ್ತರರು ಎಲ್ಲರಿಗಿಂತ ಕಡೆಗೆ ಪಾಟೀಲರ ಅಂಗಳ ಮುಟ್ಟಿದಾಗ ಜನ ಗುಂಪು ಕಟ್ಟಿದ್ದರು. ಕಲ್ಯಾಣಕುಮಾರ ರುಮಾಲಿಗೆ ತಲೆ ಬಾಗಿಸದೆ ಸೀಟನ್ನು ತೋರಿಸುತ್ತಿದ್ದ.

“ಇದನ್ನ ಯಾರು ಮುಟ್ಯಾರ, ಹೇಳ್ರಿ!”

ಎಲ್ಲರೂ ಚಾಂದಪಾಶಾನ ಕಡೆ ತಿರುಗಿದರು.

“ಖುದಾ ಕಸಂ, ನಾ ಅಲ್ರಿ,” ಎಂದ ಅವನು. “ಮಾಸ್ತರರ ಕೈ ನೋಡ್ರಿ ಒಮ್ಮಿ.”

ಮಾಸ್ತರರು ಕೈಯನ್ನು ಬೆನ್ನ ಹಿಂದೆ ಮಾಡಿದರು. ಚಡ್ಡಿಯ ಮೇಲೆ ಐದೂ ಬೆರಳು ಅಚ್ಚೊತ್ತಿದ್ದವು. ಮುಗಿಯಿತು, ನಾಳೆ ಹುಡುಗರಿಗೆ ಮುಖ ತೋರಿಸುವುದು ಹೇಗೆಂದು ಅವರು ಕಣ್ಣು ಮುಚ್ಚಿದರು.

ಕಲ್ಯಾಣಕುಮಾರ ಬಂದವನೇ ಅವರನ್ನು ತಬ್ಬಿಕೊಂಡ.

“ಮಾಸ್ತರ್ರ, ಮೂರು ತಿಂಗಳಿಂದ ಮೊಣಕಾಲು ನೋವು ತಿನ್ನಾಕತ್ತೇನ್ರಿ! ಊರಿಗೆಲ್ಲ ಮೊಣಕಾಲಿನ ಮುಲಾಮು ಮಾರಾಂವ, ನನಗೇ ನೋವದ ಅಂದ್ರ ಯಾರು ತಗೋತಾರ? ಬಾಯಿ ಮುಚ್ಚಿಕೊಂಡಿದ್ದೆ. ಸೀಟು ಏರ್ತು, ನೋವು ಹೋತು! ನಿಮಗ ಹೆಂಗ ತಿಳೀತ್ರಿ?”

“ನೋಡೀದೆ... ಅಷ್ಟ,” ಎಂದರು ಮಾಸ್ತರರು.

ಪಾಟೀಲರ ಕಣ್ಣು ಒದ್ದೆಯಾದವು. “ತಾ ಸೋಲ್ತೇನಂತ ಗೊತ್ತಿದ್ದೂ ಮಂದಿ ನೋವು ತಗದಾರ. ಮಾಡಿದ್ದು ಹೇಳ್ಕೊಂಡೂ ಇಲ್ಲ. ಇವತ್ತಿನ ರುಮಾಲು ಇವರದು.”

ಗುಲಾಬಿ ರುಮಾಲು ತಲೆಯ ಮೇಲೆ ಕೂತಿತು. ಬಿಸಿಲಿಗೆ ಕಾದ ಹಂಚನ್ನು ಹೊತ್ತಂತೆ ಮಾಸ್ತರರು ನಿಂತರು.

“ನಿಮ್ಮ ಋಣ ತೀರಸ್ತೇನಿ,” ಎಂದು ಕಲ್ಯಾಣಕುಮಾರ ಅವರಿಂದ ಪಾನಾ ತೆಗೆದುಕೊಂಡ. ಮಾಸ್ತರರನ್ನು ಹತ್ತಿಸಿ, ಚಾಂದಪಾಶಾ ಹಿಮ್ಮಡವನ್ನು ಪೆಡಲಿಗೆ ಹಿಡಿದು ನೋಡಿ, ಇಬ್ಬರೂ ಸೇರಿ ಸೀಟನ್ನು ಮೂರು ಬೆರಳು ಇಳಿಸಿ ಪಾನಾ ಮರಳಿ ಕೊಟ್ಟರು.

ಹಿಂದಿರುಗುವಾಗ ಸೊಂಟ ಅಲುಗಲಿಲ್ಲ. ಉರಿಯಿಲ್ಲ, ಜೋಮಿಲ್ಲ. ಗಾಳಿ ತಂಪಾಗಿ ಬೀಸಿತು. ಸೈಕಲ್ ಹೊಡೆಯುವುದು ಸುಖವೆಂದು ಮಾಸ್ತರರಿಗೆ ಮೊದಲ ಬಾರಿ ತಿಳಿಯಿತು. ಇನ್ನು ಯಾರ ಸೀಟನ್ನೂ ನೋಡುವುದಿಲ್ಲವೆಂದು ದಾರಿಯುದ್ದಕ್ಕೂ ವೆಂಕಟರಮಣನಿಗೆ ಮಾತು ಕೊಟ್ಟರು.

ಮನೆಯ ಮುಂದೆ ಎರಡು ಸೈಕಲ್ಲುಗಳೂ ಮತ್ತೆ ಜೊತೆಯಾಗಿ ನಿಂತವು. ಕಲ್ಯಾಣಕುಮಾರ ಕೈಮುಗಿದು ಒಳಗೆ ಹೋದ. ಅಂಬುಬಾಯಿ ಹೊರಗೆ ಬಂದರು. ರುಮಾಲನ್ನು ನೋಡುವ ಮೊದಲೇ ಅವರ ಕಣ್ಣು ಸೀಟುಗಳ ಮೇಲೆ ಬಿತ್ತು.

“ಅಯ್ಯ ತಮ್ಮಾ, ಮುಂಜಾನಿಗಿಂತ ಫರಕ್ ಹೆಚ್ಚಾತಲ್ಲೋ!”

ಮಾಸ್ತರರು ನೋಡಿದರು. ಅವನದು ಎರಡು ಏರಿತ್ತು, ತಮ್ಮದು ಮೂರು ಇಳಿದಿತ್ತು. ಈ ಲೆಕ್ಕ ಮಾತ್ರ ಅವರಿಗೆ ಕೂಡಲೇ ಬಂತು.

ರುಮಾಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಕಿಸೆಯಿಂದ ಪಾನಾ ತೆಗೆದು, ಸೀಟನ್ನು ಸರಿಯಾಗಿ ಐದು ಬೆರಳು ಏರಿಸಿದರು. ಗೋಡೆ ಹಿಡಿದು ಹತ್ತಿ ಕೂತರು. ಕಾಲ ತುದಿ ಪೆಡಲನ್ನು ಹುಡುಕುತ್ತ ಗಾಳಿಯಲ್ಲಿ ಆಡಿತು.

“ಹಾಂ, ಈಗ ಸಮ ಆತು ನೋಡು,” ಎಂದರು ಅಂಬುಬಾಯಿ.